ಆರು ತೂತಿನ ಪಾಸು

ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರು ಬೆನಕಪ್ಪನ ಸೈಕಲ್ ಅಂಗಡಿ. ಭಾನುವಾರ ಮೈಸೂರಿಗೆ ಹೊರಡುವ ಟೂರ್ ಬಸ್ಸಿನ ಪಾಸುಗಳನ್ನೂ ಅವನೇ ಮಾರುತ್ತಿದ್ದ. ಹಳದಿ ಕಾರ್ಡು, ಅದರ ಮೇಲೆ ಅರಮನೆ, ಮೃಗಾಲಯ, ಬೆಟ್ಟ ಮೊದಲಾದ ಆರು ಜಾಗದ ಹೆಸರು. ಒಂದೊಂದು ಬಾಗಿಲಲ್ಲೂ ಒಂದೊಂದು ತೂತು ಹೊಡೆದು ಒಳಗೆ ಬಿಡುತ್ತಾರೆ.

"ಎರಡೇ ಸೀಟು ಉಳಿದಾವೆ, ನಿರ್ಮಲಕ್ಕ. ಐದರ ಬಸ್ಸಿಗೆ ಹೊನ್ನಾಳಿಯೋರೊಬ್ರು ಅವನ್ನ ತಗಳಾಕೆ ಬರ್ತಾರೆ. ಆಮೇಲೆ ನನ್ನ ಬೈಬ್ಯಾಡ್ರಿ."

ಐದಕ್ಕೆ ಹತ್ತು ನಿಮಿಷವಿತ್ತು. ನಿರ್ಮಲಮ್ಮ ಮಗಳ ಕಡೆ ನೋಡಿದಳು. ಹಾಲಮ್ಮನಿಗೆ ಹತ್ತು ವರ್ಷ. ಪೋಲಿಯೋ ಬಂದ ಎಡಗಾಲಿಗೆ ಕಬ್ಬಿಣದ ಪಟ್ಟಿ, ಅದರ ತುದಿಗೆ ಬೂಟು. ಕಳೆದ ವರ್ಷ ಶಾಲೆಯವರು ಮೈಸೂರಿಗೆ ಹೋದಾಗ, ಇವಳಿಂದ ಎಲ್ಲರಿಗೂ ತಡವಾಗುತ್ತದೆಂದು ಬಿಟ್ಟುಹೋಗಿದ್ದರು. ಓರಗೆಯ ಹುಡುಗಿಯರು ತೂತು ಬಿದ್ದ ಕಾರ್ಡನ್ನು ಪುಸ್ತಕದಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ತೋರಿಸಿದ್ದರು. ಅಂದಿನಿಂದ ಇವಳಿಗೆ ಅದೊಂದೇ ಹಂಬಲ.

ಆದರೆ ಎರಡು ಜಾಗ ನೋಡುವಷ್ಟರಲ್ಲಿ ಕಾಲು ಸೋತರೆ? ಬಸ್ಸಿನಲ್ಲೇ ಕೂತು, ಬೇರೆಯವರು ಇಳಿದು ಹೋಗುವುದನ್ನು ನೋಡಬೇಕು. ಮತ್ತೊಮ್ಮೆ ಬಿಟ್ಟುಹೋದ ಹಾಗೆಯೇ.

"ಒಂದೊಂದು ಕಡೆ ಎಷ್ಟೊತ್ತು ನಿಲ್ಲಿಸ್ತೀರಿ?"

"ಮುಕ್ಕಾಲು ಗಂಟೆ. ಹಾರ್ನ್ ಹೊಡೆದ ಮ್ಯಾಲೆ ಯಾರನ್ನೂ ಕಾಯಲ್ಲ." ಬೆನಕಪ್ಪ ಹುಡುಗಿಯ ಬೂಟು ನೋಡಿ ದನಿ ತಗ್ಗಿಸಿದ. "ಇನ್ನೊಂದು ಮಾತು ಅಕ್ಕ. ಅರಮನೆ ಒಳಗೆ ಚಪ್ಪಲಿ, ಬೂಟು ಹಾಕ್ಕಂಡು ಹೋಗಂಗಿಲ್ಲ. ಹೊರಗೇ ಬಿಚ್ಚಬೇಕು."

ಬೂಟಿಲ್ಲದೆ ಈ ಮಗು ಎರಡು ಹೆಜ್ಜೆ ಇಟ್ಟದ್ದನ್ನು ನಿರ್ಮಲಮ್ಮ ಕಂಡೇ ಇರಲಿಲ್ಲ. "ಬ್ಯಾಡ ಬಿಡ್ರಿ ಬೆನಕಪ್ಪ," ಎಂದಳು.

"ನಂಗೆ ಗೊತ್ತಿತ್ತು," ಎಂದಳು ಹಾಲಮ್ಮ.

"ಏನು?"

"ಬೂಟು ಬಿಚ್ಚಬೇಕು ಅನ್ನಾದು. ಶಾಲೇಲಿ ಹೇಳಿದ್ರು. ನೀನು ಬಟ್ಟೆ ಒಗಿಯಾಕೆ ಹೋದಾಗೆಲ್ಲ ಬಿಚ್ಚಿ ನಡೀತಿದ್ದೆ. ಅಡುಗೆಮನೆಯಿಂದ ಬಾಗಿಲ ತನಕ. ಮೊದಲು ಬೀಳ್ತಿದ್ದೆ. ಈಗ ಹೋಗಿ ಬರ್ತೀನಿ."

ಗೋಡೆ! ಹಬ್ಬಕ್ಕೆಂದು ಸುಣ್ಣ ಹೊಡೆದ ಗೋಡೆಯ ಮೇಲೆ, ಸೊಂಟದೆತ್ತರದಲ್ಲಿ, ಬಾಗಿಲವರೆಗೆ ಸಾಲಾಗಿ ಮೂಡಿದ್ದ ಅಂಗೈ ಗುರುತುಗಳು. ಗೋಡೆ ಹೊಲಸು ಮಾಡುತ್ತೀಯಾ ಎಂದು ಹೋದ ವಾರವಷ್ಟೇ ಬೆನ್ನಿಗೊಂದು ಕೊಟ್ಟಿದ್ದಳು.

ಹೊನ್ನಾಳಿ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು.

"ಅರಮನೇಲೂ ಗೋಡೆ ಇರ್ತಾವಲ್ಲ, ಅವ್ವ?"

"ಇರ್ತಾವೆ ತಾಯಿ. ಮುಟ್ಟಿದ್ರೆ ಕಾವಲಿನೋರು ಬೈತಾರೆ," ಎಂದ ಬೆನಕಪ್ಪ.

"ನಮ್ಮವ್ವಂಗಿಂತ ಜೋರು ಬೈತಾರಾ?"

ಬೆನಕಪ್ಪ ನಕ್ಕ. ನಿರ್ಮಲಮ್ಮನಿಗೆ ನಗು ಬರಲಿಲ್ಲ. ಬಸ್ಸಿನಿಂದಿಳಿದ ಒಬ್ಬಾತ ಕೊಡೆ ಮಡಚುತ್ತ ನೇರ ಅಂಗಡಿಯತ್ತಲೇ ಬರುತ್ತಿದ್ದ.

"ಎರಡು ಕೊಡ್ರಿ," ಎಂದಳು ಅವಸರವಾಗಿ. "ನಮ್ಮನ್ನ ಬಿಟ್ಟು ನಿಮ್ಮ ಬಸ್ಸು ಹೋದ್ರೆ ಹೋಗ್ಲಿ. ಮುಂದಿನ ಜಾಗಕ್ಕೆ ಹೆಂಗಾದ್ರೂ ಬಂದು ಸೇರ್ಕಂತೀವಿ."

ಕೊಡೆಯಾತ ಅಂಗಡಿಯ ಮೆಟ್ಟಿಲು ಹತ್ತುವಾಗ ಹಳದಿ ಕಾರ್ಡುಗಳು ಹಾಲಮ್ಮನ ಕೈಯಲ್ಲಿದ್ದವು.

ಮನೆಗೆ ಬಂದು ಒಲೆ ಹಚ್ಚುವ ಮೊದಲು ನಿರ್ಮಲಮ್ಮ ಮಗಳನ್ನು ಕೂರಿಸಿ ಬೂಟಿನ ಪಟ್ಟಿ ಬಿಚ್ಚಿದಳು. "ಎಲ್ಲಿ, ನಡಿ ನೋಡಾಣ."

ಹಾಲಮ್ಮನ ಕೈ ರೂಢಿಯಂತೆ ಗೋಡೆಯತ್ತ ಚಾಚಿತು. ತಾಯಿ ನಡುವೆ ಬಂದು ನಿಂತಳು.

"ಅದು ಬ್ಯಾಡ. ಅಲ್ಲಿ ಬೈತಾರಂತೆ. ನನ್ನ ಹೆಗಲು ಹಿಡಿ," ಎಂದು ಸ್ವಲ್ಪ ಬಗ್ಗಿದಳು.