ಆಯಿಯ ಪಾಸು

ಬಿಸಿಲಿನ ಪಟ್ಟಿಯೊಂದು ಬೂಟು, ಚಪ್ಪಲಿ, ಬ್ಯಾಗುಗಳನ್ನು ದಾಟಿಕೊಂಡು ನೆಲದ ಮೇಲೆ ಈ ಕಡೆಗೇ ಬರುತ್ತಿದೆ, ಈಗ ಐದನೇ ತಂಡದ ಮೇಜಿನ ಕಾಲು ಮುಟ್ಟಿತು, ಧಾರವಾಡದ ಮಾಳಮಡ್ಡಿಯ ಚಿನ್ಮಯೀ ಮಾತಾಡುತ್ತಿದ್ದಾಳೆ, ಎಂಥ ಕನ್ನಡ, ಎಂಥ ಇಂಗ್ಲಿಷು, ಎರಡಕ್ಕೂ ಇಸ್ತ್ರಿ ಹಾಕಿ ತಂದಿದ್ದಾಳೆ, ಕರುಣಾಳ ಬಾಯಿ ಮಾತ್ರ ಪುಟಾಣಿ ಹಿಟ್ಟು ಮುಕ್ಕಿದ ಹಾಗೆ ಒಣಗಿದೆ, ಅವಳದು ಏಳನೇ ತಂಡ, ಅವಳು ಮತ್ತು ಗಬ್ಬೂರಿನ ರೋಹಿತ, ಇಂಜಿನಿಯರಿಂಗಿನ ಕೊನೆಯ ವರ್ಷ, ಮುಂದೆ ಒಂದು ಪುಟ್ಟ ನೂಲು ಸುತ್ತುವ ಯಂತ್ರ, ಎಂಟು ಕದಿರು, ಮೇಲೊಂದು ಕ್ಯಾಮೆರಾ, ಯಾವ ಕದಿರಿನ ದಾರ ಹರಿಯುವುದರಲ್ಲಿದೆ ಎಂದು ಕ್ಯಾಮೆರಾ ಮೊದಲೇ ಕಂಡು ಯಂತ್ರ ನಿಲ್ಲಿಸಬೇಕು, ನಿಲ್ಲಿಸಿದರೆ ಹುಬ್ಬಳ್ಳಿಯ ಈ ಟೆಕ್ ಹಬ್ಬಿನಲ್ಲೇ ಒಂದು ವರ್ಷ ಕೂತು ಇದನ್ನು ಬೆಳೆಸಲು ಜಾಗ, ಹತ್ತು ತಂಡಗಳಲ್ಲಿ ಒಂದಕ್ಕೆ ಮಾತ್ರ — ಟೆಕ್ ಹಬ್ ಎಂದು ಇವರೆಲ್ಲ ಅನ್ನುವುದು, ಆಯಿಗೆ ಇದು ಈಗಲೂ ಗಿರಣಿಯೇ, ಆಯಿ, ಅಪ್ಪನ ತಾಯಿ ಮುದಕವ್ವ, ಇದೇ ಛಾವಣಿಯ ಕೆಳಗೆ ಇಪ್ಪತ್ತಾರು ವರ್ಷ ನೂಲು ಸುತ್ತಿದವಳು, ಈಗ ಗಾಜಿನ ಗೋಡೆಯ ಆಚೆ ಬೇವಿನ ನೆರಳಲ್ಲಿ ನಿಂತಿದ್ದಾಳೆ, ಕಟ್ಟೆ ಇದ್ದರೂ ಕೂತಿಲ್ಲ, ಎರಡು ತಾಸಾಯಿತು. ಒಳಗೆ ಬಾ ಅನ್ನಬಹುದಿತ್ತು.

ಒಳಗ ಬರಾಕ ಪಾಸ್ ಬೇಕಾಕ್ಕೈತಿ ಆಯಿ, ನಮಗ ಒಂದೊಂದ ಕೊಟ್ಟಾರ — ಬೆಳಿಗ್ಗೆ ಬಾಗಿಲಿನ ಹತ್ತಿರ ಹೀಗೆ ಅಂದವಳು ತಾನೇ, ಇದೇ ನಾಲಿಗೆ, ಮನೆಯವರಿಗೆಂದು ಕೊಟ್ಟ ಇನ್ನೊಂದು ಪಾಸು ಆಗ ಬ್ಯಾಗಿನಲ್ಲೇ ಇತ್ತು, ಈಗಲೂ ಇದೆ, ಹೆಸರು ಬರೆಯುವ ಜಾಗ ಖಾಲಿ, ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು, ಆಯಿ ಜಗಳವಾಡಲಿಲ್ಲ, ಖರೇ ಐತಿ ಬಿಡವಾ, ಬಿಲ್ಲೆ ಇಲ್ಲದ ಯಾರ್ನೂ ಒಳಗ ಬಿಡಬಾರದು, ನಮ್ಮ ಕಾಲಕ್ಕೂ ಹಂಗ ಇತ್ತು, ಒಮ್ಮೆ ನಂಬರಿನ ಬಿಲ್ಲೆ ಮರೆತು ಬಂದು ಇಡೀ ಪಾಳಿ ಗೇಟಿನ ಹೊರಗೆ ನಿಂತಿದ್ದಳಂತೆ, ನಾನೂರಾ ಹನ್ನೆರಡು ಎಂದು ಇವತ್ತಿಗೂ ತನ್ನ ನಂಬರು ಹೇಳುತ್ತಾಳೆ, ಗೇಟಿನ ಮಾತೆಂದರೆ ಅವಳಿಗೆ ದೇವರ ಮಾತು, ಅದು ಗೊತ್ತಿದ್ದೇ ತಾನು ಆ ಸುಳ್ಳನ್ನು ಆರಿಸಿಕೊಂಡದ್ದು, ಛೀ — ಆದರೆ ಆಯಿಯ ದನಿ, ಗಿರಣಿ ಗದ್ದಲ ಕಿವಿ ತಿಂದು ದನಿ ಒಂದನ್ನೇ ಉಳಿಸಿದೆ, ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ಯವ್ವಾ ಇದು ಗಿರಣಿ ಮುಂದ ನಿಲ್ಲತೈತೇನು ಎಂದು ಇಡೀ ಬಸ್ಸನ್ನೇ ಕೇಳಿದಳು, ತಿರುಗದ ತಲೆಯೇ ಇಲ್ಲ, ಇಲ್ಲಿ ಮೊದಲ ಸಾಲಿನಲ್ಲಿ ಚಿನ್ಮಯೀಯ ಅಜ್ಜ ಬಾಳಕೃಷ್ಣರಾಯರು ಕೂತಿದ್ದಾರೆ, ಚಪ್ಪಾಳೆಯನ್ನೂ ಸಂಗೀತದ ಹಾಗೆ ಮೆತ್ತಗೆ ತಟ್ಟುತ್ತಾರೆ, ಅವರ ಪಕ್ಕದ ಕುರ್ಚಿ ಖಾಲಿಯೇ ಇದೆ. ಆಯಿ ಅಲ್ಲಿ ಕೂತು ನಮ್ಮ ಕೂಸು ಯಾವಾಗ ಎಂದು ಕೂಗಿದ್ದರೆ ಏನು ಗಂಟು ಹೋಗುತ್ತಿತ್ತು?

ಅವಳಿಗೆ ಕೂಗುವುದೊಂದೇ ಬರುತ್ತದೆ ಎಂದೇನಲ್ಲ, ಸದ್ದಿಲ್ಲದೆ ಮಾತಾಡಲೂ ಅವಳಂಥವಳು ಬೇರೆ ಯಾರಿದ್ದಾರೆ, ಯಂತ್ರಗಳ ಆರ್ಭಟದಲ್ಲಿ ಗಿರಣಿಯ ಹೆಂಗಸರು ಕೈಯಲ್ಲಿ, ತುಟಿಯಲ್ಲಿ ಮಾತಾಡುತ್ತಿದ್ದರು, ಬೆರಳೆಷ್ಟೋ ಅಷ್ಟನೆಯ ಕದಿರು, ಎತ್ತಿದ ಅಂಗೈ ಎಂದರೆ ನಿಲ್ಲಿಸು, ಇಲ್ಲದ ಮೀಸೆ ತಿರುವಿದರೆ ಮೇಲೆ ಕಣ್ಣಿಡುವ ಮುಕಾದಮ ಬಂದ, ಗಿರಣಿ ಮುಚ್ಚಿತು, ಭಾಷೆ ಮನೆಗೆ ಬಂತು, ಸಾಲಿ ಮಾಸ್ತರ ಅಪ್ಪ ಹುಲಗೇಶ ಬಾಗಿಲಿಗೆ ಬರುತ್ತಿದ್ದ ಹಾಗೆ ಆಯಿ ಮೀಸೆ ತಿರುವುವಳು, ಕರುಣಾ ಮೊಬೈಲು ಬಚ್ಚಿಟ್ಟು ಪುಸ್ತಕ ತೆರೆಯುವಳು, ಏನ್ರೀ ಇಬ್ಬರೂ ನಗಾಕತ್ತೀರಿ ಎಂದು ಅಪ್ಪ ಇವತ್ತಿಗೂ ಕೇಳುತ್ತಾನೆ, ಪಾಪ — ಮತ್ತೆ ಈ ಮೂರು ತಿಂಗಳು, ರೋಹಿತನೂ ಅವಳೂ ದುರ್ಗದಬೈಲಿನಲ್ಲಿ ಗಿರಮಿಟ್ಟು ತಿಂದು, ಮೋಟರು ಹುಡುಕಿ, ಖಾರದ ಬಾಯಲ್ಲೇ ಗಿರಣಿ ಚಾಳದ ಮನೆಗೆ ಬಂದು ಯಂತ್ರ ತಿರುಗಿಸಿದರೆ ಮತ್ತೆ ಮತ್ತೆ ಸೋಲುವುದು, ಹರಿದ ಮ್ಯಾಲೆ ನೋಡಿ ಏನ್ ಮಾಡ್ತೀರೋ ಹುಚ್ಚಪ್ಪಗಳ್ರಾ, ದಾರ ಹರಿಯೂಕಿಂತ ಮೊದಲ ಸಡಲ ಆಕ್ಕೈತಿ, ಆ ಸಡಲ ನೋಡ್ರಿ ಎಂದವಳು ಆಯಿ, ಅದೊಂದು ಮಾತಿನಿಂದ ಯಂತ್ರಕ್ಕೆ ಕಣ್ಣು ಬಂತು, ರಿಪೋರ್ಟಿನ ಕೃತಜ್ಞತೆಯಲ್ಲಿ ಪ್ರಿನ್ಸಿಪಾಲರಿದ್ದಾರೆ, ಗೈಡ್ ಇದ್ದಾರೆ, ಲ್ಯಾಬಿನ ಕಾಸಿಮಸಾಬರೂ ಇದ್ದಾರೆ, ಆಯಿ ಹೆಸರು ಬಿಟ್ಟೀಯಲ್ಲ ಎಂದ ರೋಹಿತ, ಮನಿಯವರ ಹೆಸರ ಯಾರ್ ಹಾಕ್ತಾರ ಎಂದಳು ಇವಳು, ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಆ ಗಾದೆಯನ್ನು ತನಗಾಗಿಯೇ ಕಟ್ಟಿರಬೇಕು.

ಏಳನೇ ತಂಡ — ಎದ್ದಿದ್ದಾಳೆ, ಮಾತೂ ಬರುತ್ತಿದೆ, ಸ್ವಿಚ್ಚು ಒತ್ತಿದಳು, ಎಂಟೂ ಕದಿರು ತಿರುಗಿದವು, ಪರದೆಯ ಮೇಲೆ ಎಂಟು ಹಸಿರು ಚುಕ್ಕಿ, ತೀರ್ಪುಗಾರರಾದ ದ್ರಾಕ್ಷಾಯಿಣಿ ಮೇಡಂ ಮುಂದಕ್ಕೆ ಬಾಗಿದರು, ಎಲ್ಲ ಛಲೋ ಇದೆ, ಆದರೆ ಆ ಬಿಸಿಲು, ಅದು ಯಾವಾಗ ಮೇಜು ಹತ್ತಿತು, ಬಡಗ ಬೆಳಕಿನ್ಯಾಗ ದಾರ ಸುಳ್ಳ ಹೇಳೂದಿಲ್ಲ ಎನ್ನುತ್ತಿದ್ದಳು ಆಯಿ, ಹಳೆಯ ಮಾಡಿನ ಕಿಟಕಿಗಳೆಲ್ಲ ಅದಕ್ಕೇ ಉತ್ತರಕ್ಕೆ, ಹೊಸಬರು ಬಂದು ದಕ್ಷಿಣದ ಗೋಡೆ ಒಡೆದು ಗಾಜು ಹಾಕಿದರು, ಗಾಜಿಗೆ ಅಂಟಿಕೊಂಡೇ ಇವರ ಮೇಜು, ಅಲ್ಲಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ, ಆಯಿ ಯಾವಾಗ ಬಂದಳು, ನಾಲ್ಕು ಬೆರಳು, ಆಮೇಲೆ ಅಂಗೈ, ಅಂಗೈ, ಕರುಣಾಳ ಕೈ ಅವಳನ್ನು ಕೇಳದೆಯೇ ಸ್ವಿಚ್ಚಿಗೆ ಹೋಗಿ ಯಂತ್ರ ನಿಂತಿತು, ನಾಲ್ಕನೆಯ ದಾರ ಸಡಿಲಾಗಿ ಜೋಲುತ್ತಿತ್ತು, ಪರದೆಯಲ್ಲಿ ಎಂಟೂ ಹಸಿರು. ಯಾಕ ನಿಲ್ಲಿಸಿದ್ರಿ, ಎಲ್ಲಾ ಸರಿ ಐತಿ ಅಂತ ತೋರ್ಸಾಕತ್ತೈತಲ್ಲ, ಎಂದರು ಮೇಡಂ. ಪರದಿ ಅಪ್‌ಡೇಟ್ ಆಗಿಲ್ಲ ಅನ್ನು, ಕ್ಯಾಮೆರಾನ ಹಿಡೀತು ಅನ್ನು, ರೋಹಿತ ಕಿವಿಯಲ್ಲಿ ಉಸುರುತ್ತಿದ್ದಾನೆ, ಅನ್ನಬಹುದು, ನಂಬುತ್ತಾರೆ, ಒಂದು ವರ್ಷದ ಜಾಗ, ಇನ್ನೊಂದೇ ಒಂದು ಸುಳ್ಳು, ಬೆಳಿಗ್ಗೆ ಒಂದು ಹೇಳಿ ರೂಢಿಯೂ ಆಗಿದೆ — ಕ್ಯಾಮೆರಾ ಹಿಡೀಲಿಲ್ರಿ ಮೇಡಂ, ಬಿಸಿಲಿಗೆ ಅದಕ್ಕ ಕಾಣಲಿಲ್ಲ, ನಮ್ಮ ಆಯಿ ನೋಡಿದ್ಲು, ಈ ಯಂತ್ರಕ್ಕ ಕಲಿಸಿದಾಕೀನೂ ಆಕೀನ ರೀ, ಹೊರಗ ನಿಂತಾಳ, ನಾನ ನಿಲ್ಲಿಸೇನಿ. ಎಲ್ಲರೂ ಗಾಜಿನ ಕಡೆ ತಿರುಗಿದರು. ಮೇಡಂ ಪೆನ್ನು ಕೆಳಗಿಟ್ಟು, ಒಳಗ ಕರೀರಿ ಅವರನ್ನ, ಎಂದರು, ರೋಹಿತ ತಲೆಯ ಮೇಲೆ ಕೈ ಹೊತ್ತ, ಹೋಯಿತೇನೋ ಜಾಗ, ಹೋಗಲಿ.

ಬ್ಯಾಗು ಹೆಗಲಿಗೇರಿಸಿದಳು, ಬಾಗಿಲಿಗೆ ಎಷ್ಟು ಹೆಜ್ಜೆ, ಅತ್ತರೆ ಆಯಿ ಏನೆಂದುಕೊಂಡಾಳು, ದೂಡಿದಳು, ಹೊರಗಿನ ಧಗೆ ಮುಖಕ್ಕೆ ಹೊಡೆಯಿತು, ಬಾ ಆಯಿ, ಒಳಗ ಬಾ, ಆಯಿ ಹೊಸ್ತಿಲ ಆಚೆಯೇ ನಿಂತು ಅಂಗೈ ಎತ್ತಿದಳು, ಇಡೀ ಸಭೆಗೆ ಕೇಳುವ ದನಿ, ಪಾಸ್ ಇಲ್ಲಲ್ಲವಾ ನನ್ನ ಹಂತ್ಯಾಕ, ನಿನಗ ಬೈತಾರ, ನಾ ಇಲ್ಲೇ ಇರ್ತೇನಿ ತಗೊ — ಕರುಣಾ ಬ್ಯಾಗಿಗೆ ಕೈ ಹಾಕಿದಳು, ಪೆನ್ನು ಹುಡುಕಿದಳು, ಮು ದ ಕ ವ್ವ, ಗೋಡೆಗೆ ಒತ್ತಿ ಬರೆಯುವಾಗ ಅಕ್ಷರ ಕಾಗೆ ಕಾಲಾದವು, ಬೆಳಿಗ್ಗಿನಿಂದ ನನ್ನ ಹಂತ್ಯಾಕ ಇತ್ತ ಆಯಿ, ನಾ ಸುಳ್ಳ ಹೇಳಿದ್ನಿ, ಅಂದಳೋ, ತುಟಿಯಷ್ಟೇ ಅಲುಗಿತೋ, ಆಯಿಗೆ ತುಟಿ ಸಾಕು, ಆಯಿ ಪಾಸು ನೋಡಿದಳು, ಒಳಗೆ ಕುತ್ತಿಗೆಗೆ ಪಾಸು ಹಾಕಿಕೊಂಡ ಬಾಳಕೃಷ್ಣರಾಯರನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ಎತ್ತಿದ ಕೈ ಎತ್ತಿಯೇ ಇದೆ, ತೋರುಬೆರಳಿನ ಮೇಲೆ ದಾರ ಕೊರೆದ ಗೀರು, ಇದು ಯಂತ್ರ ನಿಲ್ಲಿಸು ಎಂದು ಎತ್ತಿದ ಕೈಯೋ, ಸಾಕು ನಿಲ್ಲಿಸು ಎಂದು ತನಗೆ ಎತ್ತಿದ್ದೋ, ಏನಾದರೂ ಅನ್ನು ಆಯಿ, ಬಯ್ಯಿ, ಮೀಸೆಯಾದರೂ ತಿರುವು, ಅಂಗೈ, ಆ ಗೀರು, ಅಂಗೈ ನಿಧಾನಕ್ಕೆ ಮಗುಚಿಕೊಂಡು ಪಾಸಿಗಾಗಿ ಮುಂದೆ ಬಂತು, ತೆರೆದ ಅಂಗೈ.