ಯಂತ್ರದ ಆಚೆ ಬದಿಯವನು

ಯಾದ್ವಿಗಾ ಕೋಟು ಬಿಚ್ಚಿದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ. ವೂಚ್ ನಗರದ ಹಳೆಯ ನೂಲಿನ ಗಿರಣಿಯ ಹಿಂದೆ, ಫಲಕವಿಲ್ಲದ ಕಬ್ಬಿಣದ ಬಾಗಿಲು ದಾಟಿ, ನೆಲಮಾಳಿಗೆಯ ಜಪಾನೀ ಮಾದರಿಯ ವಿಡಿಯೋ ಗೇಮ್ ಮನೆಗೆ ಇಳಿದು ಬರುತ್ತಿದ್ದ ಆಕೆ, ಜೀವಮಾನವಿಡೀ ಟ್ರಾಮ್ ಓಡಿಸಿ ನಿವೃತ್ತಳಾದವಳು, ಕಂದು ಕೋಟಿನ ಗುಂಡಿಗಳನ್ನು ಕಂಠದವರೆಗೂ ಬಿಗಿದುಕೊಂಡು, ಮುಂದಿನ ನಿಲ್ದಾಣದಲ್ಲಿ ಇಳಿದೇಬಿಡುವವಳಂತೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು.

“ಅಜ್ಜೀ, ಕೋಟು ಬಿಚ್ಚಿಟ್ಟು ಆಡ್ಬಾರ್ದಾ?” ಎಂದು ಆ ಜಾಗ ನಡೆಸುವ ತಿಮೆಕ್ ಕೆಣಕುವನು.

“ನಿನ್ನನ್ನ ಸೋಲ್ಸೋಕೆ ಅಷ್ಟು ಹೊತ್ತು ಬೇಕೇನೋ?”

ಅಲ್ಲಿನ ಯಂತ್ರಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಆಚೆ ಬದಿಯ ಎದುರಾಳಿ ಅದೃಶ್ಯ. ತೆರೆಯ ಮೇಲೆ ಕಾದಾಡುವ ಬೊಂಬೆಯೇ ಅವನ ರೂಪ. ಇಣುಕಿ ನೋಡುವುದು ಅಸಭ್ಯತೆ; ಆಡುವವರ ಹೆಸರನ್ನು ಯಾರಿಗೂ ಹೇಳಬಾರದೆಂಬುದು ತಿಮೆಕ್‌ನ ನಿಯಮ. ಆಟ ಮುಗಿದ ಮೇಲೆ ಯಂತ್ರದ ತಲೆಗೆ ಒಮ್ಮೆ ಬಡಿದರೆ ಇನ್ನೊಂದು ಆಟ, ಎರಡು ಸಲ ಬಡಿದರೆ ಇವತ್ತಿಗೆ ಸಾಕು ಎಂದರ್ಥ. ವರ್ಷಗಟ್ಟಲೆ ಯಾದ್ವಿಗಾಳೊಡನೆ ದಿನವೂ ಮಾತಾಡಿದ್ದು ಆಚೆ ಬದಿಯಿಂದ ಹೀಗೆ ಬಡಿಯುತ್ತಿದ್ದ ಒಂದು ಭಾರವಾದ ಕೈ ಮಾತ್ರ. ಅದರ ಒಡೆಯನ ಹೆಸರೂ ಆಕೆಗೆ ತಿಳಿದಿರಲಿಲ್ಲ.

ಈ ಚಳಿಗಾಲದಲ್ಲಿ ಆಚೆಯ ಕುರ್ಚಿ ಖಾಲಿಯಾಯಿತು. ಬೇರೆ ಯಾರಾದರೂ ಬಂದು ಕೂತರೆ ಮೊದಲ ಹೊಡೆತದಲ್ಲೇ ಅವನಲ್ಲವೆಂದು ಗುರುತು ಹಿಡಿದು ಆಕೆ ಎದ್ದುಬಿಡುತ್ತಿದ್ದಳು. ಪಕ್ಕದ ಯಂತ್ರದಲ್ಲಿ ಆಡುವ ನನಗೆ ಇದನ್ನು ನೋಡಿ ನೋಡಿ ರೇಗಿತು.

“ಹೆಸರು ಹೇಳ್ಬಾರ್ದಂತೆ! ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ!” ಎಂದು ತಿಮೆಕ್‌ನನ್ನು ತರಾಟೆಗೆ ತೆಗೆದುಕೊಂಡೆ.

ಅವನು ತಲೆತಗ್ಗಿಸಿದ. “ಆಸ್ಪತ್ರೇಲಿದಾರೆ. ಇನ್ನು ಜಾಸ್ತಿ ದಿನ ಇಲ್ವಂತೆ.”

ಆಕೆಯನ್ನು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಅವನ ಮಂಚದ ಸುತ್ತ ಪರದೆ ಎಳೆದಿದ್ದರು. “ಹೋಗಿ, ಒಂದ್ಸಲ ಮುಖ ನೋಡಿ” ಎಂದೆ.

“ಸುಮ್ನಿರಪ್ಪಾ. ಕೇಳ್ದೆ ಆಚೆ ಕಡೆ ಹೋಗ್ತಾರಾ ಯಾರಾದ್ರೂ?”

ಕೈಗವಸು ಕಳಚಿ, ಪರದೆಯ ಕಬ್ಬಿಣದ ಕಂಬಿಗೆ ಒಮ್ಮೆ ಬಡಿದಳು. ಒಳಗೆ ಎಳೆದೆಳೆದು ಬಿಡುವ ಉಸಿರು. ಆಮೇಲೆ ಮಂಚದ ಸರಳಿನ ಮೇಲೆ ಬಡಿತ ಕೇಳಿಸಿತು. ಎರಡು ಸಲ.

ಯಾದ್ವಿಗಾ ಹೊರಗಿನ ಬೆಂಚಿನಲ್ಲಿ, ಈ ಸಲ ಬೆನ್ನು ಒರಗಿಸಿ ಕೂತು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು.

ಇಂಥವರಿಗೆ ಮನುಷ್ಯರೊಡನೆ ಬೆರೆಯಲು ಬರುವುದಿಲ್ಲವೆಂದು ನಗುವವರಿದ್ದಾರೆ. ಮುಖಾಮುಖಿ ಕೂತೂ ಎದುರಿನವನ ಮಾತನ್ನು ಕಿವಿಗೆ ಹಾಕಿಕೊಳ್ಳದ ನಮಗೆ ಆ ನಗುವಿನ ಹಕ್ಕು ಕೊಟ್ಟವರಾರು? ಕಾಣದ ಕೈಯ ಒಂದು ಸದ್ದಿಗಾಗಿ ಬದುಕನ್ನೇ ಕಿವಿಯಾಗಿಸಿಕೊಂಡು ಕಾಯುವ ಜಾತಿ ಅದು. ಬಂದ ಉತ್ತರ ತಾನು ಬೇಡಿದ್ದಲ್ಲವಾದರೂ, ಪರದೆ ಸರಿಸದೆ ಅದನ್ನು ಸ್ವೀಕರಿಸುವ ಜಾತಿ.