ಉಫ್ ಅಂತ ಊದು

ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದ್ದಾಯಿತು. ಕೈಬೆರಳು ಕಟ್ಟಲು ಮಾತ್ರ ಕಣ್ಣಮ್ಮ ಬಿಡಲೊಲ್ಲಳು. ಗಂಡನ ಎಡಗೈಯನ್ನು ಮಡಿಲಲ್ಲಿ ಹಿಡಿದು ಕೂತುಬಿಟ್ಟಿದ್ದಳು.

"ಬಿಡವ್ವಾ, ಕೈ ಬಿಗಿದ್ಬಿಡ್ತದೆ," ಅಂದಳು ಅತ್ತಿಗೆ ಮಾರಕ್ಕ, ಬಟ್ಟೆಯ ಚೂರು ಹಿಡಿದು.

"ಈ ಬೆರಳೇ ಅಲ್ವಾ ಅತ್ಗೆ ಇವರ್ನ ತಿಂದಿದ್ದು!"

ಪಾಪಿರೆಡ್ಡಿಪಟ್ಟಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಜ್ವರದವರ ರಕ್ತವನ್ನು ಗಾಜಿಗೆ ಸವರಿ ಪರೀಕ್ಷಿಸುತ್ತಿದ್ದವನು ಮುನುಸ್ವಾಮಿ. ಊರವರ ಮಲೇರಿಯಾ ಪತ್ತೆ ಹಚ್ಚಿದ ಪುಣ್ಯಾತ್ಮ, ತನ್ನ ಜ್ವರ ಮಾತ್ರ ಮಳೆಯಲ್ಲಿ ನೆನೆದು ಬಂದದ್ದೆಂದು ಮಾತ್ರೆ ನುಂಗಿಕೊಂಡು ತಿರುಗಿದ. ಧರ್ಮಪುರಿಗೆ ಒಯ್ಯುವಷ್ಟರಲ್ಲಿ ಅದು ತಲೆಗೇರಿತ್ತು. ಇದು ಮಲೇರಿಯಾ, ಎಲ್ಲಿಂದ ತಗುಲಿತು ಎಂದು ಡಾಕ್ಟರು ಕೇಳಿದಾಗ ಅವನಿಗೆ ಮಾತು ನಿಂತಿತ್ತು. ಎಡಗೈಯ ಉಂಗುರದ ಬೆರಳನ್ನು ಎತ್ತಿ ತೋರಿಸಿದ. ಕಣ್ಣಮ್ಮನಿಗೆ ಎಲ್ಲ ತಿಳಿದುಹೋಯಿತು.

ಈಗ ನೋಡಿದರೆ ಬಾಗಿಲಲ್ಲಿ ಪಳನಿಯಮ್ಮ, ಮಗಳು ಜೀವಿತಾಳ ಕೈ ಹಿಡಿದು. ಕಣ್ಣಮ್ಮ ಆ ಬೆರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

*

ಅವತ್ತು, ಮೂರು ವಾರದ ಹಿಂದೆ, ಕಣ್ಣಮ್ಮ ಗಂಡನಿಗೆ ಬುತ್ತಿ ಕೊಡಲು ಆಸ್ಪತ್ರೆಗೆ ಹೋಗಿದ್ದಳು. ಪಳನಿಯಮ್ಮನ ಸಂಸಾರ ಒರಿಸ್ಸಾದ ರಸ್ತೆ ಕೆಲಸ ಮುಗಿಸಿ ಆಗಷ್ಟೇ ಮರಳಿತ್ತು. ಮಗುವಿನ ಮೈ ಕಾದ ಹಂಚು. ಬೆರಳಿಗೆ ಸೂಜಿ ತಾಗಿದ್ದೇ ತಡ, ಆಸ್ಪತ್ರೆ ಹಾರಿಹೋಗುವಂತೆ ಕಿರುಚಿತು. ಮಕ್ಕಳು ಅತ್ತರೆ ಹೊಸ ಸೂಜಿ ತೆಗೆದು ತನಗೂ ಚುಚ್ಚಿಕೊಂಡು ನಗಿಸುವುದು ಮುನುಸ್ವಾಮಿಯ ಹಳೇ ಚಾಳಿ. ಅವತ್ತಿನ ಗಡಿಬಿಡಿಯಲ್ಲಿ, ಮಗುವಿಗೆ ಚುಚ್ಚಿದ ಅದೇ ಸೂಜಿಯನ್ನು ತನ್ನ ಉಂಗುರದ ಬೆರಳಿಗೆ ಚುಚ್ಚಿಕೊಂಡ.

"ನೋಡು ಪಾಪಾ, ನಂಗೂ ರಕ್ತ ಬಂತು. ಉಫ್ ಅಂತ ಊದು, ನೋವು ಓಗೋಯ್ತದೆ."

ಮಗು ಅಳು ನಿಲ್ಲಿಸಿ ಊದಿತು. ಕಣ್ಣಮ್ಮನೂ ನಕ್ಕಿದ್ದಳು. ಅಯ್ಯೋ, ನೋಡಿ ನಕ್ಕಿದ್ದಳು!

*

"ಎನ್ನಾಚ್ಚು ಅಕ್ಕಾ?" ಪಳನಿಯಮ್ಮ ಬಾಯಿ ಬಾಯಿ ಬಡಿದುಕೊಂಡಳು. "ಮಲೇರಿಯಾ ಅಂತ ಕಂಡಿಡಿದು ನನ್ ಮಗೀನ ಉಳಿಸಿದ ಅಣ್ಣಂಗೆ ಏನಾಯ್ತು?"

ನಿನ್ನ ಮಗಳ ರಕ್ತವೇ ಕಣೇ ಎಂಬ ಮಾತು ನಾಲಗೆಯ ತುದಿಗೆ ಬಂತು. ಅಂದುಬಿಟ್ಟರೆ ಎದೆಯ ಭಾರ ಒಂದಿಷ್ಟಾದರೂ ಇಳಿದೀತು. ಅನ್ನಲೆಂದೇ ಕಣ್ಣಮ್ಮ ಬಾಯಿ ತೆರೆದಳು.

ಅಷ್ಟರಲ್ಲಿ ಜೀವಿತಾ ತಾಯಿಯ ಕೈ ಬಿಡಿಸಿಕೊಂಡು ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಮಾಮಂಗೆ ನೋವಾಯ್ತದಾ?" ಎಂದು ಕೇಳಿದವಳೇ, ಮಡಿಲಲ್ಲಿದ್ದ ಆ ಬೆರಳಿಗೆ ಕೆನ್ನೆ ಉಬ್ಬಿಸಿ ಊದಿದಳು.

ಕಣ್ಣಮ್ಮ ಮಗುವಿನ ಮುಖವನ್ನೇ ನೋಡಿದಳು.

"ಜ್ವರ ಬಂದಿತ್ತು ಪಳನಿ," ಅಂದಳು. "ಬರೀ ಜ್ವರ."

ಮಾರಕ್ಕ ಮತ್ತೆ ಬಟ್ಟೆಯ ಚೂರು ಹಿಡಿದು ಬಗ್ಗಿದಳು. ಕಣ್ಣಮ್ಮ ಅವಳ ಕೈ ತಡೆದಳು.

"ಇರು ಅತ್ಗೆ. ಪಾಪ ಇನ್ನೂ ಊದ್ತಾ ಐತೆ."